ಸೊನ್ನೆಯ ನೀರು

ನೀರು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸೊನ್ನೆಯಕ್ಕ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದ್ದೀತು, ಅದನ್ನು ಕೇಳಿದವರಿಲ್ಲ. ಹತ್ತೊಂಬತ್ತು ವರ್ಷದಿಂದ ಅದೇ ಕಿಟಕಿ, ಅದೇ ಮೇಜು, ಅದೇ ಗೊಣಗಾಟ.

ಅವಳು ಹುಡುಕುತ್ತಿದ್ದದ್ದು ಒಂದೇ ಜಾತಿಯ ರಾಸಾಯನಿಕವನ್ನು. ಬಾಣಲೆಗೆ ಅಡುಗೆ ಅಂಟದಿರಲೆಂದು ಬಳಿಯುತ್ತಾರಲ್ಲ, ಮಳೆಕೋಟಿನ ಮೇಲೆ ನೀರು ನಿಲ್ಲದಿರಲೆಂದು ಹಚ್ಚುತ್ತಾರಲ್ಲ, ಬೆಂಕಿ ಆರಿಸುವ ನೊರೆಗೆ ಬೆರೆಸುತ್ತಾರಲ್ಲ, ಅದು. ಒಮ್ಮೆ ಹುಟ್ಟಿತೆಂದರೆ ಜಪ್ಪಯ್ಯ ಎಂದರೂ ಹೋಗದು. ಮಣ್ಣಿಗೆ ಬಿದ್ದರೆ ಕೊಳೆಯದು, ಒಲೆಯ ಮೇಲಿಟ್ಟರೆ ಆವಿಯಾಗದು. ಇರುವುದೋ ಕೆರೆಗೆ ಒಂದು ಚಿಟಿಕೆಯಷ್ಟು. ಅಷ್ಟನ್ನು ಹಿಡಿಯಲು ಹೋದವರ ಮೈಮೇಲೆಯೇ ಅದಕ್ಕಿಂತ ಹೆಚ್ಚಿರುತ್ತದೆ. ಹಾಗಾಗಿ ನೀರು ತರಲು ಹೊರಟವರನ್ನು ಅವಳು ಬಾಗಿಲಲ್ಲೇ ತಡೆಯುತ್ತಿದ್ದಳು. ತುಟಿಗೆ ಬಣ್ಣ ಕೂಡದು, ಕೈಗೆ ಕ್ರೀಮು ಕೂಡದು, ಆರು ಸಲ ಒಗೆಯದ ಹೊಸ ಅಂಗಿ ಕೂಡದು.

"ಮಳೆ ಬಂದ್ರೆ ಏನಕ್ಕಾ ಮಾಡೋದು?"

"ನೆನೀರಿ. ನೀವೇನು ಬೆಲ್ಲವಾ ಕರಗೋಕೆ?"

ಅಕ್ಕನ ಮಡಿ ಎಂದು ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ದೊಡ್ಡ ಸಾಹೇಬರಿಗೂ ಇರಲಿಲ್ಲ.

ಸೊನ್ನೆಯಕ್ಕ ಎಂಬ ಹೆಸರು ಬಂದದ್ದು ಒಂದು ಸೀಸೆಯಿಂದ. ದಿನವೂ ಯಂತ್ರಕ್ಕೆ ಮೊದಲು ಊಡುವುದು ಏನೂ ಇಲ್ಲದ ಶುದ್ಧ ನೀರನ್ನು. ಅದರಲ್ಲೂ ಯಂತ್ರ ಏನಾದರೂ ತೋರಿಸಿದರೆ ಅದು ಯಂತ್ರದ್ದೇ ಕೊಳೆ ಎಂದು ಲೆಕ್ಕ. ಅಷ್ಟನ್ನು ಊರಿನ ಉಳಿದೆಲ್ಲ ನೀರಿನ ಅಂಕಿಯಿಂದ ಕಳೆದುಬಿಡುವುದು. ಆ ಮೊದಲ ಸೀಸೆಯೇ ಸೊನ್ನೆ. ಪ್ರಯೋಗಾಲಯದ ಶುದ್ಧೀಕರಣ ಯಂತ್ರದ ಕೊಳವೆಗಳೇ ಅದೇ ಜಾತಿಯ ಪ್ಲಾಸ್ಟಿಕ್ಕಿನವಾಗಿದ್ದರಿಂದ ಅದರ ನೀರು ಕೆಲಸಕ್ಕೆ ಬಾರದಾಯಿತು. ಆಗ ಅವಳು ತನ್ನ ಮನೆಯ ಕೊಳವೆಬಾವಿಯ ನೀರನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ನೋಡಿದಳು. ಏನೂ ಇಲ್ಲ ಎಂದು ಉತ್ತರ ಬಂತು. ಅಂದಿನಿಂದ ಪ್ರತಿ ಸೋಮವಾರ ಮನೆಯಿಂದ ಎರಡು ಕ್ಯಾನು.

"ನಮ್ಮನೆ ನೀರು ಅಂದ್ರೆ ಏನಂದ್ಕೊಂಡ್ರಿ?" ಎನ್ನುವಾಗ ಆ ಗಂಟುಮುಖ ಅರಳುತ್ತಿತ್ತು.

ಮೊದಮೊದಲು ಸೊನ್ನೆ ಸೊನ್ನೆಯಾಗಿಯೇ ಇತ್ತು. ಆಮೇಲೆ ಒಂದಾಯಿತು, ಎರಡಾಯಿತು, ಕೆಲವು ವರ್ಷಕ್ಕೆ ಹತ್ತನ್ನು ದಾಟಿತು. ಯಂತ್ರಕ್ಕೆ ನನ್ನ ಹಾಗೇ ವಯಸ್ಸಾಯಿತು ಎಂದು ಅವಳು ಅಷ್ಟನ್ನೂ ಕಳೆಯುತ್ತ ಬಂದಳು. "ಒಂದ್ಸಲ ನೀರು ಬದಲಾಯಿಸಿ ನೋಡೋಣ್ವಾ?" ಎಂದು ಸಾಹೇಬರು ಕೇಳಿದ್ದುಂಟು. ಅವಳು ನೋಡಿದ ನೋಟಕ್ಕೆ ಅವರು ಮತ್ತೆ ಆ ಮಾತೆತ್ತಲಿಲ್ಲ. ಲೋಕವನ್ನೆಲ್ಲ ಅನುಮಾನಿಸಿದ ಹೆಂಗಸು ತನ್ನ ಮನೆಯ ನಲ್ಲಿಯೊಂದನ್ನು ಅನುಮಾನಿಸಲಿಲ್ಲ. ಹೇಳಿ, ಯಾರು ತಾನೇ ಅನುಮಾನಿಸುತ್ತಾರೆ?

ಹಳೆಯ ಯಂತ್ರ ಹೋಗಿ ಹೊಸದು ಬಂತು. ಜೋಡಿಸಲು ಬಂದ ಮೆಕ್ಯಾನಿಕ್ ತನ್ನದೇ ಮೊಹರು ಹಾಕಿದ ಶುದ್ಧ ನೀರು ತಂದಿದ್ದ. ಮೊದಲು ಅದನ್ನು ಊಡಿದ, ಆಮೇಲೆ ಅಕ್ಕನ ಕ್ಯಾನಿನದನ್ನು. ಪರದೆ ನೋಡಿ ಹುಬ್ಬು ಗಂಟಿಕ್ಕಿದ.

"ಮೇಡಂ, ಇದು ಯಾವ ಕಾರ್ಖಾನೆ ಚರಂಡೀದು?"

"ಯಾಕಪ್ಪಾ?"

"ನನ್ನ ನೀರಲ್ಲಿ ಏನೂ ಇಲ್ಲ. ಇದರಲ್ಲಿ ಮಿತಿಗಿಂತ ಒಂಬತ್ತು ಪಟ್ಟು ಇದೆ."

ಮನೆಯ ಹಿಂದಿನ ದಿಬ್ಬದಾಚೆ ಅಗ್ನಿಶಾಮಕದವರು ವರ್ಷಗಟ್ಟಲೆ ನೊರೆ ಹಾರಿಸಿ ತರಬೇತಿ ನಡೆಸಿದ್ದು ಆಗ ಅವಳಿಗೆ ನೆನಪಾಯಿತು. ತಾನು ರುಜು ಹಾಕಿದ ಅಷ್ಟೂ ವರದಿಗಳು ಸುಳ್ಳು ಎಂಬುದೂ ಹೊಳೆಯಿತು; ತನ್ನ ಮನೆಯ ವಿಷವನ್ನು ಊರಿನ ವಿಷದಿಂದ ಕಳೆದು ಎಲ್ಲರನ್ನೂ ನೆಮ್ಮದಿಯಿಂದ ಮಲಗಿಸಿದ್ದಳು. ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಆದರೆ ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಅವಳ ತಲೆಯಲ್ಲಿ ಊರಿರಲಿಲ್ಲ. ಮನೆಯಲ್ಲಿ ಎಂಟು ತಿಂಗಳ ಬಸುರಿ ಮಗಳಿದ್ದಳು.

ಓಡುತ್ತ ಮನೆಗೆ ಬಂದಾಗ ಮಗಳು ಅಡುಗೆಮನೆಯಲ್ಲಿ ನೀರು ಕುದಿಸುತ್ತಿದ್ದಳು.

"ಬೈಬೇಡಮ್ಮ, ನೀನು ಹೇಳಿದ ಮೂರು ಜಗ್ಗೂ ಮುಗಿಸಿದ್ದೀನಿ. ಇದು ನಾಲ್ಕನೇದು."

ಕುದಿಸಿದಷ್ಟೂ ನೀರು ಕಡಿಮೆಯಾಗುತ್ತದೆ, ವಿಷ ಅಷ್ಟೇ ಉಳಿಯುತ್ತದೆ. ಸೊನ್ನೆಯಕ್ಕ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ಸಿಂಕಿಗೆ ಸುರಿದಳು. ಅಂಗೈ ಸುಟ್ಟದ್ದು ತಿಳಿಯಲಿಲ್ಲ. ಕುಡಿ, ಕುಡಿ ಎಂದು ತಲೆ ತಿಂದವಳು ತಾನೇ ಅಲ್ಲವೇ ಎಂದು ನೆಲಕ್ಕೆ ಕುಸಿದು ಅತ್ತಳು.

ತಾಯಿ ಮಗಳಿಬ್ಬರ ರಕ್ತದಲ್ಲೂ ಅದು ಸಿಕ್ಕಿತು, ಹೆಚ್ಚುಕಡಿಮೆ ಸಮಸಮ. "ತೆಗೆಯೋಕೆ ಔಷಧ ಇಲ್ಲ," ಎಂದರು ಡಾಕ್ಟರಮ್ಮ. "ನೀರು ಬದಲಾಯಿಸಿ. ಹತ್ತಾರು ವರ್ಷದಲ್ಲಿ ನಿಧಾನಕ್ಕೆ ಇಳಿಯುತ್ತೆ. ಮಗುಗೆ ಹಾಲು ಮಾತ್ರ ನಿಲ್ಲಿಸಬೇಡಿ, ಅದರಿಂದ ಆಗೋ ಒಳ್ಳೇದೇ ಹೆಚ್ಚು." ಹೆಣ್ಣು ಮಗು ಹುಟ್ಟಿತು, ದುಂಡುದುಂಡಗೆ. ಲಾರಿಯಲ್ಲಿ ಬರುವ ನೀರಿಗೆ ಮನೆ ಒಗ್ಗಿಕೊಂಡಿತು.

ಮಗುವಿಗೆ ಒಂಬತ್ತು ತಿಂಗಳಾದಾಗ ಎರಡನೆಯ ಸಲದ ರಕ್ತದ ವರದಿ ಬಂತು. ಮಗಳು ಹಾಲೂಡಿಸುತ್ತಲೇ ಒಂದು ಕೈಯಲ್ಲಿ ಕಾಗದ ಬಿಡಿಸಿದಳು.

"ಅಮ್ಮಾ! ನಂದು ಅರ್ಧಕ್ಕೆ ಇಳಿದಿದೆ ಕಣೇ! ನಿಂದು ನೋಡು, ಇದ್ದ ಹಾಗೇ ಇದೆ. ಇಬ್ರೂ ಬಿಟ್ಟಿದ್ದು ಒಂದೇ ನೀರು, ನಂದು ಮಾತ್ರ ಎಲ್ಲಿಗೆ ಹೋಯ್ತು?"

ಸೊನ್ನೆಯಕ್ಕನಿಗೆ ಗೊತ್ತಿತ್ತು. ಹಾಲಿನ ಜೊತೆ ಅದು ತಾಯಿಯ ಮೈಯಿಂದ ಬೇಗ ಇಳಿಯುತ್ತದೆಂದು ಓದಿದ್ದಳು, ಇದು ಗೊತ್ತಿದ್ದೇ ಡಾಕ್ಟರಮ್ಮ ಹಾಲು ನಿಲ್ಲಿಸಬೇಡಿ ಎಂದದ್ದೆಂದು ತಿಳಿದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮಗಳ ಕೈಯಿಂದ ಕಾಗದ ಇಸಿದುಕೊಂಡು ಮಡಚಿದಳು.

ಮಗಳು ನಗುತ್ತ ತಾಯಿಯ ಮುಖ ನೋಡಿದಳು. ಆಮೇಲೆ ಮಡಿಲಲ್ಲಿದ್ದ ಮಗುವನ್ನು ನೋಡಿದಳು. ಮತ್ತೆ ಕೇಳಲಿಲ್ಲ.