ಏಳು ಹತ್ತಕ್ಕೆ ಮುಟ್ಟುತ್ತೇನೆ

ನಮ್ಮ ಕಡೆ ದಾರಿಯಲ್ಲಿರುವವನನ್ನು ಎಲ್ಲಿದ್ದೀ ಎಂದು ಕೇಳಿದರೆ ಉತ್ತರ ಒಂದೇ: 'ಇಲ್ಲೇ ಬಂದೀನಿ.' ಇನ್ನೂ ಕಾಲಿಗೆ ಚಪ್ಪಲಿ ಮೆಟ್ಟದವನೂ ಹಾಗೆಯೇ ಹೇಳುತ್ತಾನೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ವಾಡಿಯ ಲಾರಿ ಆಫೀಸಿನಲ್ಲಿ ನನ್ನ ಕೆಲಸವೇ ದೂರ ಲೆಕ್ಕ ಹಾಕುವುದು. ಕಂಪ್ಯೂಟರಿನ ನಕ್ಷೆಯಲ್ಲಿ ಎರಡು ಊರು ಒತ್ತಿ, ಇಷ್ಟು ಕಿಲೋಮೀಟರ್, ಇಷ್ಟು ತಾಸು ಎಂದು ಬರೆದುಕೊಡುತ್ತೇನೆ. ನೆಂಟರು ಕೂಡ ಊರಿಗೆ ಹೊರಡುವ ಮುಂಚೆ ನನಗೇ ಫೋನ್ ಮಾಡಿ ಕೇಳುತ್ತಾರೆ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಚಿಮ್ಮನಚೋಡದಿಂದ ದೊಡ್ಡವ್ವನ ಮಗ ಫೋನ್ ಮಾಡಿದ. ಅವನನ್ನು ನಾನು ಅಣ್ಣ ಎಂದೇ ಕರೆಯುವುದು.

'ಅವ್ವ ಹೋದ್ಳು. ಹೊತ್ತು ಮುಳುಗೋದ್ರೊಳಗ ಮಣ್ಣ ಮಾಡಬೇಕು. ಲಗೂನ ಬಾ.'

ಶಾಲೆ ಮುಗಿಯುವವರೆಗೂ ನನ್ನನ್ನು ಸಾಕಿದವಳು ದೊಡ್ಡವ್ವ. 'ನನ್ ಮಣ್ಣಿಗಿ ನೀ ಇರಬೇಕ್ ನೋಡಪಾ' ಎಂದು ಹೋದಾಗಲೆಲ್ಲ ಹೇಳುತ್ತಿದ್ದಳು, ನಾನು ನಗುತ್ತಿದ್ದೆ. ಈಗ ಅವಳ ಮುಖ ಒಮ್ಮೆ ನೋಡಬೇಕು, ಗುಂಡಿಗೆ ಒಂದು ಹಿಡಿ ಮಣ್ಣು ಹಾಕಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಕಾರಿನಲ್ಲಿ ಕುಳಿತವನೇ ಮೊಬೈಲಿನಲ್ಲಿ ನಕ್ಷೆ ಹಚ್ಚಿದೆ. ದಂಡೋತಿ ದಾರಿ, ಐದಕ್ಕೆ ಮೊದಲೇ ಮುಟ್ಟುತ್ತೀ ಎಂದಿತು. ಚಿತ್ತಾಪುರ ದಾಟಿ ದಂಡೋತಿಗೆ ಬಂದರೆ ಕಾಗಿಣಾ ಹೊಳೆ ಸೇತುವೆಯ ಮೇಲೆಯೇ ಹರಿಯುತ್ತಿತ್ತು. ನಕ್ಷೆಯಲ್ಲಿ ಮಾತ್ರ ನೀಲಿ ಗೆರೆ ನೆಟ್ಟಗೆ ಹೊಳೆ ದಾಟಿತ್ತು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕನೊಬ್ಬ, 'ಚಿತ್ತಾಪುರದಾಗ ಯಾರಿಗರ ಕೇಳಿದ್ರ ಹೇಳ್ತಿದ್ರಲ್ರಿ, ಮುಂಜಾನಿಂದ ನೀರ್ ಹರಿಲಿಕತ್ತದ' ಎಂದ. ಜನರನ್ನು ಕೇಳುವ ರೂಢಿಯೇ ನನಗೆ ತಪ್ಪಿಹೋಗಿತ್ತು.

ತಿರುಗಿಸಿ ಸೇಡಂ ದಾರಿ ಹಿಡಿದೆ. ನಕ್ಷೆ ಹೊಸ ಲೆಕ್ಕ ಹಾಕಿ, ಚಿಂಚೋಳಿ ಸುತ್ತಿಸಿ, ಮುಟ್ಟುವುದು ಏಳು ಹತ್ತಕ್ಕೆ ಎಂದಿತು. ಲಾರಿಗಳನ್ನು ಹಿಂದೆ ಹಾಕಿ ನೋಡಿದೆ, ಏಳು ಹತ್ತು. ರೈಲ್ವೆ ಗೇಟಿನಲ್ಲಿ ನಿಂತು ಹಲ್ಲು ಕಡಿಯುತ್ತ ನೋಡಿದೆ, ಆಗಲೂ ಏಳು ಹತ್ತೇ. ಅಷ್ಟರಲ್ಲಿ ಅಣ್ಣನ ಫೋನು ಬಂತು.

'ಎಲ್ಲಿದ್ದೀಪಾ?'

'ಇಲ್ಲೇ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಮಂದಿಯನ್ನು ಸುಳ್ಳು ಹೇಳಿ ಕಾಯಿಸಲು ಮನಸ್ಸು ಒಪ್ಪಲಿಲ್ಲ.

'ಏಳು ಹತ್ತಕ್ಕ ಮುಟ್ತೀನಿ' ಎಂದೆ.

'ಹೊತ್ತ ಮುಳುಗಿರ್ತದಲ್ಲೋ.'

'ನನ್ ಸಲುವಾಗಿ ನಿಂದ್ರಬ್ಯಾಡ್ರಿ' ಎಂದು ನಾನೇ ಹೇಳಿದೆ.

ಸೇಡಂ ದಾಟಿದ ಮೇಲೆ ತಡೆಯಲಾಗದೆ ಒಬ್ಬ ಟ್ರ್ಯಾಕ್ಟರಿನವನನ್ನು ನಿಲ್ಲಿಸಿ ಕೇಳಿದೆ. 'ಚಿಂಚೋಳಿ ತನಕ ಯಾಕ ಹೋಗ್ತೀರಿ? ಹೊಲದಾಗ ಹೊಸ ರೋಡ್ ಆಗ್ಯಾದ, ಸೀದಾ ಹೋಗ್ರಿ' ಎಂದು ಕೈ ತೋರಿಸಿದ. ನಕ್ಷೆಯಲ್ಲಿ ಅಂಥ ದಾರಿಯೇ ಇರಲಿಲ್ಲ. ತೊಗರಿ ಹೊಲಗಳ ನಡುವೆ ನನ್ನ ಚುಕ್ಕೆಯೊಂದೇ ಖಾಲಿ ಪರದೆಯ ಮೇಲೆ ಓಡುತ್ತಿತ್ತು. ಬೇಗ ಮುಟ್ಟುತ್ತೇನೆಂದು ಖಾತ್ರಿಯಾದಾಗ ಅಣ್ಣನಿಗೆ ಫೋನ್ ಹಚ್ಚಿದೆ. ಸಿಗ್ನಲ್ ಇಲ್ಲ. ಮತ್ತೆ ಹಚ್ಚಿದೆ, ಮತ್ತೆ ಹಚ್ಚಿದೆ, ಒಂದೂ ಹೋಗಲಿಲ್ಲ.

ಆರೂಕಾಲಿಗೆ ಚಿಮ್ಮನಚೋಡ ಮುಟ್ಟಿ, ಮಣ್ಣು ಮಾಡುವ ಅಣ್ಣನ ಹೊಲದಲ್ಲಿ ಇಳಿದೆ. ಮೋಡದ ಸಂದಿಯಲ್ಲಿ ಹೊತ್ತು ಇನ್ನೂ ಇತ್ತು. ಗುಂಡಿ ಆಗಷ್ಟೇ ಮುಚ್ಚಿ ಮಂದಿ ಕೈ ತೊಳೆಯುತ್ತಿದ್ದರು. ಅವರಲ್ಲಿ ಶಹಾಬಾದಿನ ಬೀಗರೂ ಇದ್ದರು. ಮನೆ ಬಿಡುವ ಮೊದಲೇ 'ಇಲ್ಲೇ ಬಂದೀವಿ' ಎಂದಿದ್ದರಂತೆ. ಅವರಿಗಾಗಿ ಮಂದಿ ಒಂದು ತಾಸು ಕಾದಿದ್ದರು.

'ನನಗ್ಯಾಕ ಕಾಯಲಿಲ್ಲ?' ಎಂದೆ. ಬೇಡ ಎಂದವನು ನಾನೇ ಎಂಬುದು ನೆನಪಿತ್ತು, ಆದರೂ ಕೇಳಿದೆ.

ಅಣ್ಣ ಕಣ್ಣೊರೆಸಿಕೊಂಡ. 'ನೀನೂ ಇಲ್ಲೇ ಬಂದೀನಿ ಅಂದಿದ್ರ ನಿಂದ್ರತಿದ್ವೋ ತಮ್ಮಾ. ಏಳು ಹತ್ತು ಅಂದಿ. ನಿನ್ ಲೆಕ್ಕ ಎಂದೂ ತಪ್ಪಂಗಿಲ್ಲ ಅಂತ ನಂಬಿದ್ವಿ.'

ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಹಾಕಲು ಗುಂಡಿ ಇರಲಿಲ್ಲ. ಎಲ್ಲರೂ ಕೊಟ್ಟ ಮಣ್ಣಿನ ಮೇಲೆ ಇಟ್ಟು ಬಂದೆ.