ಜಾಗವಿಲ್ಲದ ಮಾತು

ದೆವ್ವ, ಭೂತ, ಮೈಮೇಲೆ ಬರುವುದು, ಇವನ್ನೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಎದುರಿಗೇ ಸುಳ್ಳೆಂದು ಹೇಳಿ ಬೀಗರ ಮನೆಯಲ್ಲೂ ಜಗಳ ತೆಗೆದವನು ನಾನು. ಈಗ ನನ್ನ ಮಾತನ್ನು ನೀವು ಸುಳ್ಳೆಂದರೆ ಬೇಸರಪಡುವಂತಿಲ್ಲ.

ಹಿರೇಕೆರೂರಿನಲ್ಲಿ ನಮ್ಮ ಗೋವಿನಜೋಳದ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಟಿ.ವಿ.ಗೆ ಜೋಡಿಸಿ, ಕ್ಯಾಸೆಟ್ಟಿನಿಂದ ನಡೆಸುವಂಥದ್ದು. ಅದಕ್ಕೆ ನಾನು ಆಟ ಬರೆಯುತ್ತೇನೆ. ಚಿತ್ರವಿಲ್ಲ, ಬರೀ ಮಾತು. ‘ಬಾಗಿಲು ತೆಗೆ’ ಎಂದು ಟೈಪು ಮಾಡಿದರೆ ಆಚೆ ಏನಿದೆಯೆಂದು ಪರದೆ ಹೇಳುತ್ತದೆ. ಮಾತು ಕನ್ನಡ, ಅಕ್ಷರ ಇಂಗ್ಲಿಷು. ಇಂಥ ಯಂತ್ರಗಳ ಹುಚ್ಚಿರುವವರು ದೂರದೂರುಗಳಿಂದ ದುಡ್ಡು ಕಳಿಸಿ ನನ್ನ ಆಟ ತರಿಸಿಕೊಳ್ಳುತ್ತಾರೆ. ಡಬ್ಬಿಯ ಚಿತ್ರ, ಒಳಗಿಡುವ ನಕಾಶೆ ಎಲ್ಲ ಸವಣೂರಿನ ಗೆಳೆಯ ಶಿವಾನಂದನ ಕೈಕೆಲಸವಾಗಿತ್ತು. ಅವನಿಲ್ಲದೆ ನನ್ನ ಆಟ ಬರೀ ಕ್ಯಾಸೆಟ್ಟು.

ಹೊಸ ಆಟದ ಡಬ್ಬಿಗಳಿಗೆ ಅಂಟು ಹಚ್ಚುತ್ತ ಕುಳಿತ ಒಂದು ಮಧ್ಯಾಹ್ನ ಅವನು ಹಟ ಹಿಡಿದ. ಆಟ ಮುಗಿಸಲು ಯಾರಾದರೂ ‘ಹೋಗ್ತೇನಿ’ ಎಂದು ಟೈಪು ಮಾಡಿದರೆ ‘ಬರ್ತೇನಿ ಅನ್ನು’ ಎಂದು ಉತ್ತರ ಬರಬೇಕಂತೆ. ತೀರಿಹೋದ ಅವರವ್ವ ಹೊಸ್ತಿಲಲ್ಲಿ ನಿಂತು ಹಾಗೆ ತಿದ್ದುತ್ತಿದ್ದಳಂತೆ. ನಮ್ಮ ಕಡೆ ಯಾವ ತಾಯಿ ತಿದ್ದುವುದಿಲ್ಲ? ಅವಳನ್ನು ನಾನು ನೋಡಿದವನೂ ಅಲ್ಲ. ಮೆಮೊರಿ ತುಂಬಿದೆ, ಒಂದಕ್ಷರಕ್ಕೂ ಜಾಗವಿಲ್ಲ ಎಂದೆ. ಮಾತಿಗೆ ಮಾತು ಬೆಳೆದು, ನಿಮ್ಮವ್ವನ ಸಲುವಾಗಿ ಆಟ ಕೆಡಿಸಲಾರೆ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಎದ್ದು, ಬೇಕಂತಲೇ ‘ಹೋಗ್ತೇನಿ’ ಎಂದು ಹೇಳಿ ಬಸ್ಸಿಗೆ ನಡೆದ. ನಮ್ಮಲ್ಲಿ ‘ಬರ್ತೇನಿ’ ಅನ್ನದೆ ಏಳುವುದು ಸಾವಿನ ಮನೆಯಿಂದ ಮಾತ್ರ.

ನನಗೆ ಮೈಯೆಲ್ಲ ಉರಿಯಿತು. ಡಬ್ಬಿಗೆ ಹೋಗಬೇಕಿದ್ದ ಕ್ಯಾಸೆಟ್ಟೊಂದನ್ನು ಪರೀಕ್ಷೆಗೆ ಹಾಕಿ, ಸಿಟ್ಟಿನಲ್ಲಿ ನಾನೂ ‘ಹೋಗ್ತೇನಿ’ ಎಂದು ಕುಟ್ಟಿದೆ. ಯಂತ್ರಕ್ಕೆ ಆ ಶಬ್ದ ಕಲಿಸಿಯೇ ಇಲ್ಲ. ‘ತಿಳಿಯಲಿಲ್ಲ’ ಎಂದು ಬರಬೇಕಿತ್ತು. ಬಂದದ್ದು ‘ಬರ್ತೇನಿ ಅನ್ನೋ ಗುಬ್ಯಾ’.

ಮತ್ತೆ ಕುಟ್ಟಿದೆ: ತಿಳಿಯಲಿಲ್ಲ. ಕ್ಯಾಸೆಟ್ಟು ತೆಗೆದು ಮತ್ತೆ ಹಾಕಿದರೂ ಅದೇ. ಬರೆದ ಸಾಲುಗಳನ್ನೆಲ್ಲ ಜಾಲಾಡಿದೆ. ಗುಬ್ಯಾ ಎಂಬ ಹೆಸರು ಎಲ್ಲೂ ಇಲ್ಲ.

ಶಿವಾನಂದನಿಗೆ ಫೋನು ಮಾಡಿದೆ. ಇನ್ನೂ ಬಸ್ಸಿನಲ್ಲಿದ್ದ. ಕಂಡದ್ದನ್ನು ಹೇಳಿದೆ.

“ನನ್ನ ಗುಬ್ಯಾ ಅಂತ ನಮ್ಮವ್ವ ಒಬ್ಬಾಕಿ ಅಷ್ಟ ಕರೀತಿದ್ಲು. ನಿನಗ ಯಾರ್ ಹೇಳಿದ್ರು?”

ಯಾರೂ ಹೇಳಿಲ್ಲ, ಪರದೆಯ ಮೇಲೆ ಬಂತು ಎಂದೆ.

“ಸತ್ತಾಕಿನ ಮುಂದಿಟ್ಕೊಂಡು ಚಾಷ್ಟಿ ಮಾಡ್ತೀಯಲ್ಲ. ಇನ್ನ ನನ್ನ ಹೆಸರು ಎತ್ತಬ್ಯಾಡ.”

ವರ್ಷಗಳಾದವು. ಅವನ ಚಿತ್ರದ ಡಬ್ಬಿಗಳು ಮೇಲಿನ ಕೋಣೆಯಲ್ಲಿ ಹಾಗೇ ಇವೆ, ಆ ಆಟ ಹೊರಗೆ ಹೋಗಲಿಲ್ಲ. ಜಾಗವಿರಲಿಲ್ಲ ಎಂಬುದು ಈಗಲೂ ನಿಜ, ಅದರಲ್ಲಿ ನಾನು ಸೋಲುವವನಲ್ಲ. ಹಾಗಾದರೆ ಆ ಮಾತು ಎಲ್ಲಿಂದ ಬಂತು? ನನಗೆ ತಿಳಿಯದು. ಅವಳು ತಿದ್ದಬೇಕಿದ್ದ ಮಗ ಬಸ್ಸಿನಲ್ಲಿರುವಾಗ ನನ್ನ ಪರದೆಗೆ ಯಾಕೆ ಬಂದಳೆಂದು ಆ ಮುದುಕಿಯ ಮೇಲೂ ಸಿಟ್ಟು ಬರುತ್ತದೆ. ಅವನು ‘ಬರ್ತೇನಿ’ ಎಂದು ಹೇಳಿ ಹೋಗಿರಲಿಲ್ಲ. ಬರಲೂ ಇಲ್ಲ.