ಪಾವಗಡದಲ್ಲಿ ಶಾರದೆಗೆ ಮಾತು ಬಂದದ್ದು

ಪಾವಗಡದ ಮೊದಲ ಬೆಳಿಗ್ಗೆ ಬಾಗಿಲು ತೆರೆದರೆ ಬೀದಿ ತುಂಬ ಮಾತು. ನನಗೆ ಒಂದೂ ತಿಳಿಯಲಿಲ್ಲ. ಇರುವುದು ಮೈಸೂರು ಸಂಸ್ಥಾನದೊಳಗೇ, ಗೋಡೆಯ ಮೇಲೆ ನಮ್ಮ ಮಹಾರಾಜರ ಪಟವಿದೆ, ಆದರೂ ಸುತ್ತ ಎಲ್ಲ ತೆಲುಗು.

ಯಜಮಾನರಿಗೆ ಇಲ್ಲಿನ ಮಿಡ್ಲ್ ಸ್ಕೂಲಿಗೆ ವರ್ಗವಾಗಿತ್ತು. ಮೈಸೂರಿನ ನಲ್ಲಿ ಬಿಟ್ಟು ಬಾವಿಗೆ, ಅನ್ನ ಬಿಟ್ಟು ಮುದ್ದೆಗೆ, ಸಂಜೆಯಾದರೂ ಆರದ ಬೆಟ್ಟದ ಬಂಡೆಯ ಕಾವಿಗೆ ಹೇಗೋ ಒಗ್ಗಿಕೊಂಡೆ. ಚಿಂತೆಯಿದ್ದದ್ದು ಮಗಳು ಶಾರದೆಯದು. ಮೂರು ತುಂಬಿದ್ದರೂ ಮಾತಿಲ್ಲ. ತಮಟೆ ಬಡಿದರೆ ತಿರುಗುತ್ತಾಳೆ. ಹೆಸರು ಹಿಡಿದು ಕರೆದರೆ ಒಮ್ಮೆ ನೋಡುತ್ತಾಳೆ, ಒಮ್ಮೆ ಇಲ್ಲ. ಕಿವಿಯೊಳಗಿನ ನರ ಸೊರಗಿದೆ, ಸದ್ದು ಕೇಳಿದರೂ ಮಾತು ಕಲಸಿಹೋದಂತೆ ಕೇಳಬಹುದು, ಮದ್ದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು.

ಎದುರು ಮನೆಯ ನರಸಮ್ಮ ಆಡು ಸಾಕುವವಳು, ದಿನವೂ ಹಾಲು ತರುತ್ತಿದ್ದಳು. "ಪಾಲು ಕಾವಾಲಾ ಅಮ್ಮಾ?" ಎಂದರೆ ಹಾಲು ಬೇಕೇ ಎಂದು. ಮಾತು ತಿಳಿಯದೆ ನಾನು ಅವಳ ತುಟಿ, ಕಣ್ಣು, ಕೈ ನೋಡುತ್ತ ನಿಲ್ಲುತ್ತಿದ್ದೆ. ಒಂದು ದಿನ ಪಕ್ಕಕ್ಕೆ ತಿರುಗಿದರೆ ಶಾರದೆಯೂ ಕತ್ತೆತ್ತಿ ಹಾಗೆಯೇ ನೋಡುತ್ತಿದ್ದಾಳೆ. ಇಷ್ಟು ದಿನ ಇವಳಿಗೆ ನಮ್ಮ ಮನೆಯೇ ಭಾಷೆ ಬಾರದ ಊರಾಗಿತ್ತೆಂದು ಆಗ ಹೊಳೆಯಿತು.

ಅಂದಿನಿಂದ ಬೆನ್ನ ಹಿಂದಿನಿಂದ ಕೂಗುವುದನ್ನು ಬಿಟ್ಟೆ. ಬೆಳಕಿಗೆ ಮುಖ ಮಾಡಿ ಅವಳೆದುರು ಕೂತು, ವಸ್ತು ತೋರಿಸಿ, ಸನ್ನೆ ಸೇರಿಸಿ ಮಾತಾಡತೊಡಗಿದೆ. ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ನರಸಮ್ಮ ಚೊಂಬು ಇಳಿಸುವಾಗ ಶಾರದೆ ತುಟಿ ಒತ್ತಿ ಬಿಡಿಸಿ "ಪಾಲು" ಎಂದಳು. ಹಾಲಿನ 'ಹ' ತುಟಿಯ ಮೇಲೆ ಕಾಣುವುದಿಲ್ಲ. ಪಾಲಿನ 'ಪ' ಕಾಣುತ್ತದೆ. ನಾನು ಅಳುತ್ತಲೇ ನಗುತ್ತಿದ್ದೆ. ನರಸಮ್ಮ ತನಗೆ ಬರುವ ಅಷ್ಟಿಷ್ಟು ಕನ್ನಡಕ್ಕೆ ಹೊರಳಿ, "ನಿಂಗಿಂತ ಮುಂಚೆ ಮಗಾನೇ ತೆಲುಗು ಕಲ್ತ್‌ಬುಡ್ತು ಕಣಮ್ಮ" ಎಂದಳು.

ಬೇಸಗೆಯಲ್ಲಿ ಮೈಸೂರಿಗೆ, ತವರಿಗೆ ಹೋದೆವು. ಮೊಮ್ಮಗಳ ತೆಲುಗು ಕೇಳಿ ಅಮ್ಮ ಗಾಬರಿಯಾದರು. 'ಹಾಲು' ಎಂದು ತಿದ್ದಿ ತಿದ್ದಿ ಸೋತು, ಕೊನೆಗೆ ತಾವೇ ಎದುರು ಕೂತು 'ಪಾಲು' ಎನ್ನತೊಡಗಿದರು. ಮಗುವಿನ ಜೊತೆ ನೀನೂ ಇಲ್ಲೇ ಇದ್ದುಬಿಡು ಎಂದು ನನ್ನನ್ನು ಒತ್ತಾಯಿಸಿದರು. ಅಂಗಳದ ಮಲ್ಲಿಗೆ, ಮನೆಯೊಳಗೇ ನಲ್ಲಿ, ಕಿವಿ ತುಂಬ ನನ್ನ ಭಾಷೆ, ನನಗೂ ಆಸೆಯಾಯಿತು. ಅಷ್ಟರಲ್ಲಿ ಶಾರದೆ ನನ್ನ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡು "ಪೋದಾಂ" ಎಂದಳು.

"ಏನಂತೆ?" ಎಂದರು ಅಮ್ಮ.

"ಊರಿಗೆ ಹೋಗೋಣ ಅಂತಿದಾಳೆ."

ಅವಳು ಹೇಳಿದ್ದು ಬರೀ ಹೋಗೋಣ ಎಂದು. ಊರು ಎಂಬ ಮಾತನ್ನು ನಾನು ಹುಟ್ಟಿದ ಮನೆಯಲ್ಲಿ ಕೂತು ನಾನೇ ಸೇರಿಸಿದ್ದೆ.